ಕೆಲಸ ಕೇಳಲು ಬಂದವಳು

"ಯಾರೋ ಈಕಿ?"

ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಎದುರಾದ ತಾಯಿ ಯಲ್ಲವ್ವ ಕೇಳಿದ ಕೂಡಲೇ, ಮೌನೇಶನ ಕೈ ಫ್ಲೇವಿಯಾಳ ಕೈಯಿಂದ ಥಟ್ಟನೆ ಜಾರಿತು.

ಫ್ಲೇವಿಯಾ ಅವನತ್ತ ತಿರುಗಿದಳು. 'ಹೇಳು ಮೌನೇಶ... ನಿನ್ನ ಜೊತೆ ಎಂ.ಟೆಕ್ ಓದುವವಳು, ನೀನು ಮದುವೆಯಾಗುತ್ತೇನೆಂದವಳು ಅಂತ ಹೇಳು!'

ಅವನು ತಾಯಿಯ ಮುಖ ನೋಡಿದ. ಸಿದ್ದಿ ಬುಡಕಟ್ಟಿನ ಫ್ಲೇವಿಯಾಳ ಗುಂಗುರು ಕೂದಲು ನೋಡಿದ.

"ಮನಿಗೆಲಸ ಕೇಳಾಕ ಬಂದಾಳಬೇ."

ಎಂಥ ಗಂಡಸು!

"ಸಿದ್ದ್ಯಾರಾಕಿ ಏನ? ದುಡೀತಾರ ಬಿಡು. ನಾಳೆ ಮುಂಜಾನೆ ಪೇಪರ್ ಮಿಲ್ ಕ್ವಾರ್ಟರ್ಸಿನ ನಮ್ಮ ಮನಿಗೆ ಬಾ," ಎಂದಳು ಯಲ್ಲವ್ವ.

ಫ್ಲೇವಿಯಾ ಅವನನ್ನೇ ನೋಡುತ್ತಿದ್ದಳು. ಅವನು ಬಸ್ಸಿನ ಬೋರ್ಡು ಓದುತ್ತಿದ್ದ.

"ಬರ್ತೇನ್ರಿ," ಎಂದಳು ಅವಳು.

ಬರಲಾರಳು ಎಂದುಕೊಂಡಿದ್ದ ಮೌನೇಶ. ಬಂದಳು! ಹಿತ್ತಲಲ್ಲಿ ಕೂತು ಅವನು ಉಂಡ ತಾಟನ್ನೇ ತಿಕ್ಕಿದಳು. ಯಲ್ಲವ್ವ ಹಿಡಿಕೆ ಮುರಿದ ಕಪ್ಪಿನಲ್ಲಿ ಚಹಾ ತಂದು ಮೆಟ್ಟಿಲ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ಮೌನೇಶ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ.

"ಸಾಲಿ ಕಲ್ತೀಯೇನ?" ಯಲ್ಲವ್ವ ಕೇಳಿದಳು.

"ಎಂ.ಟೆಕ್ ರೀ. ಸಾಲಿಡ್ ಮೆಕ್ಯಾನಿಕ್ಸ್."

"ಅದು ನನ್ ಮಗ ಓದೂದು! ಏನೋ ಮೌನ್ಯಾ, ಖರೇ ಹೇಳ್ತಾಳೇನ?"

ಇನ್ನೊಂದು ಅವಕಾಶ... ಫ್ಲೇವಿಯಾ ತಲೆಯೆತ್ತಿ ಅವನನ್ನು ನೋಡಿದಳು.

"ಎಲ್ಲೋ ಕೇಳಿರಬೇಕು," ಎಂದು ನಕ್ಕ ಪುಣ್ಯಾತ್ಮ!

ಅವಳ ಕಣ್ಣು ತುಂಬಿದವು. ತಿಕ್ಕುವ ಕೈ ಮಾತ್ರ ನಿಲ್ಲಲಿಲ್ಲ.

"ಕೇಳಿದ್ದಲ್ರಿ. ನಮ್ಮಪ್ಪ ಪಾವ್ಲು ಲಾರಿಗೆ ಕಟಗಿ ನಾಟಾ ತುಂಬ್ತಿದ್ದ. ಸರಪಳಿ ಹರದು ನಾಟಾ ಕಾಲ್ ಮ್ಯಾಲ ಬಿತ್ತು. ಕುಡದಿದ್ದ ಅಂತ ಎಲ್ಲಾರೂ ಅಂದ್ರು. ನಮ್ಮಪ್ಪ ಕುಡಿಯಂಗಿಲ್ರಿ! ಅಷ್ಟ ಗಟ್ಟಿ ಕಬ್ಬಿಣ ಯಾಕ ಹರೀತೈತಿ, ಹರಿಯೂದಕ್ಕ ಮೊದಲ ಬಿರುಕು ಹೆಂಗ ಹಿಡೀಬೇಕು, ಅದನ್ನ ಕಲೀಬೇಕಂತ ಹೋದೆ. ಈಗ ಪಿಎಚ್.ಡಿಗೂ ಸೀಟ್ ಸಿಕ್ಕೈತಿ. ಇನ್ಯಾರ ಅಪ್ಪನ ಕಾಲೂ ಹಂಗ ಹೋಗಬಾರದ್ರಿ."

ಲ್ಯಾಬಿನಲ್ಲಿ ಈ ಕಥೆ ಕೇಳಿಯೇ ಮೌನೇಶ ಅವಳನ್ನು ಪ್ರೀತಿಸಿದ್ದ. ಇವತ್ತು ಅದನ್ನು ಕೇಳುತ್ತಾ ನಿಲ್ಲಲು ಅವನಿಂದ ಆಗಲಿಲ್ಲ.

"ಅವ್ವಾ, ನಾ ಸುಳ್ಳ ಹೇಳ್ದೆ! ಈಕಿ ಕೆಲಸದಾಕಿ ಅಲ್ಲ. ನಾ ಲಗ್ನ ಆಗಬೇಕಂದಾಕಿ!"

ಯಲ್ಲವ್ವ ಚಹಾದ ಕಪ್ಪನ್ನು ಕಾಲಿನಿಂದ ಒದ್ದು ಬಾಗಿಲು ಹಾಕಿಕೊಂಡಳು. ಮಗನನ್ನೂ ಹೊರಗೇ ಬಿಟ್ಟು!

ಫ್ಲೇವಿಯಾ ಕೈ ತೊಳೆದುಕೊಂಡು ಹೊರಟಳು. ಅವನು ಬರಿಗಾಲಲ್ಲೇ ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಬಂದ.

"ಫ್ಲೇವಿಯಾ... ಎಲ್ಲಾ ಮುರದು ಹೋತೇನು?"

"ಮುರದಿಲ್ಲ, ಬಾಗೇತಿ. ಮಿತಿ ದಾಟಿ ಬಾಗಿದ ಕಬ್ಬಿಣ ಮತ್ತ ಮೊದಲಿನಂಗ ಆಗಂಗಿಲ್ಲ. ನೀನೂ ಓದೀಯಲ್ಲ?" ಅವಳು ಬಸ್ಸು ಬರುವ ಕಡೆ ನೋಡಿದಳು. "ಆದ್ರ ಗಟ್ಟಿ ಆಕ್ಕೈತಿ. ಇನ್ನೊಮ್ಮೆ ಅಷ್ಟ ಭಾರಕ್ಕ ಬಗ್ಗಂಗಿಲ್ಲ ನಾನು."

ಅವಳೂರಿನ ಕಡೆ ಹೋಗುವ ಹಳಿಯಾಳದ ಬಸ್ಸು ಬಂತು. ಅವಳು ಹತ್ತಿ ಬಾಗಿಲಲ್ಲಿ ನಿಂತಳು. ಅವನು ಕೆಳಗೇ ಉಳಿದ.

"ನಾನೂ ಬರ್ಲಿ? ನಿಮ್ಮಪ್ಪನ ಮುಂದ ನಿಲ್ತೇನಿ."

"ಯಾರಿಂವ ಅಂತ ಕೇಳಿದ್ರ? ಮನಿಗೆಲಸ ಕೇಳಾಕ ಬಂದಾನ ಅಂತೇನಿ!"

ಅವನ ಕಣ್ಣಲ್ಲಿ ನೀರು ಬಂತು.

"ಹಂಗ ಹೇಳು. ತಾಟು ಎಲ್ಲಿ ಅದಾವು ಅಷ್ಟ ತೋರಿಸು."

ಅವಳು ಬಹಳ ಹೊತ್ತು ಅವನ ಬರಿಗಾಲು ನೋಡಿದಳು. ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿದಳು.

"ಹತ್ತು ಮತ್ತ... ಬಸ್ ಬಿಡ್ತೈತಿ."