ಕಡ್ಡಿ ಚುಚ್ಚಿದ ಸಗಣಿ

೧೯೪೭ನೇ ಇಸವಿ ಮಾರ್ಚ್ ೧೨, ಬುಧವಾರ, ಬೆಳಿಗ್ಗೆ ಎಂಟೂಕಾಲು. ಭದ್ರಾವತಿಯ ಓಲ್ಡ್ ಟೌನ್ ಠಾಣೆಗೆ ಬಂದ ಹುಚ್ಚಮ್ಮ ಖಾಲಿ ಪುಟ್ಟಿಯನ್ನು ದಫೇದಾರ್ ಜಟ್ಟಪ್ಪನ ಮೇಜಿನ ಮೇಲೆ ಕುಕ್ಕಿದಳು. ಹತ್ತು ದಿನದಿಂದ ಅವಳ ಸಗಣಿ ಕಳುವಾಗುತ್ತಿದೆಯಂತೆ. ಜಟ್ಟಪ್ಪನಿಗೆ ನಗು ಒತ್ತರಿಸಿ ಬಂತು. ಅಷ್ಟರಲ್ಲಿ ಶಿವಮೊಗ್ಗದಿಂದ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರ್ ಶಂಕರನಾರಾಯಣ ಹೊರಗೆ ಬಂದರು. ಪಾಪ, ಅವನು ನಗುವನ್ನು ಕೆಮ್ಮು ಮಾಡಿಕೊಂಡ.

"ನಗಬೇಡಿ ಸಾಮಿ," ಎಂದಳು ಹುಚ್ಚಮ್ಮ. "ಸಗಣಿ ಇಲ್ದಿದ್ರೆ ಬೆರಣಿ ಇಲ್ಲ. ಬೆರಣಿ ಮಾರ್ದಿದ್ರೆ ನಮ್ಮನೇಲಿ ಗಂಜಿ ಇಲ್ಲ."

ಇನ್‌ಸ್ಪೆಕ್ಟರರು ಎಫ್‌ಐಆರ್ ಬರೆಯಲು ಹೇಳಿದರು. ಕಳುವಾದ ಮಾಲು ಎಂಬಲ್ಲಿ ಜಟ್ಟಪ್ಪ 'ಸಗಣಿ' ಎಂದು ಬರೆದು, ಇಲಾಖೆಯ ಮರ್ಯಾದೆ ಉಳಿಯಲೆಂದು 'ಗೋಮಯ' ಎಂದು ತಿದ್ದಿದ. ಅದರಲ್ಲಿ ಎಮ್ಮೆಯದೂ ಇದೆ ಎಂದು ಹುಚ್ಚಮ್ಮ ತಕರಾರು ತೆಗೆದಳು. ಮತ್ತೆ ಸಗಣಿಯಾಯಿತು.

ಒಂಬತ್ತಕ್ಕೆ ಸ್ಥಳ ಪಂಚನಾಮೆ. ಗೋಡೆಗೆ ಗೋಡೆ ತಾಗಿ ನಲವತ್ತು ಮನೆಗಳಿದ್ದ ಓಣಿ ಅದು. ಬೆಳಿಗ್ಗೆ ದನ ಮೇಯಲು ಹೊರಟ ಹಿಂದೆಯೇ ಹೆಂಗಸರು ಹೊರಡುತ್ತಾರೆ. ಮೊದಲು ಕಂಡವಳು ಸಗಣಿಗೆ ಕಡ್ಡಿ ಚುಚ್ಚಿ ಮುಂದೆ ಹೋದರೆ ಮುಗಿಯಿತು, ಅದು ಅವಳದು. ಆದರೆ ಇವತ್ತು ಹುಚ್ಚಮ್ಮ ಚುಚ್ಚಿದ್ದ ಕಡ್ಡಿಗಳೆಲ್ಲ ರಸ್ತೆಯ ಪಕ್ಕದಲ್ಲಿ ಅಚ್ಚುಕಟ್ಟಾಗಿ ಮಲಗಿದ್ದವು. ಪಂಚರು ಮೂಗು ಹಿಡಿದುಕೊಂಡೇ ರುಜು ಹಾಕಿದರು.

"ಓಣಿ ಹೆಂಗಸರ ಮೇಲೆ ಅನುಮಾನ ಇದೆಯಾ?" ಎಂದು ಇನ್‌ಸ್ಪೆಕ್ಟರರು ಹುಚ್ಚಮ್ಮನನ್ನು ಕೇಳಿದರು.

"ಇಲ್ಲ. ಕಡ್ಡಿ ಚುಚ್ಚಿದ್ದನ್ನ ಹೆಂಗಸು ಮುಟ್ಟಲ್ಲ ಸಾಮಿ. ಇದು ಗಂಡಸಿನ ಕೆಲಸ."

ಮರುದಿನ ಬೆಳಿಗ್ಗೆ ಆರಕ್ಕೆ ಜಟ್ಟಪ್ಪ ಜ್ವರ ಬಂದವನಂತೆ ಕಂಬಳಿ ಹೊದ್ದು ಓಣಿಯ ಜಗಲಿಯ ಮೇಲೆ ಕೂತ. ಆರೂಕಾಲಿಗೆ ಒಬ್ಬರು ಬಂದರು. ಸಗಣಿಯ ಮುಂದೆ ನಿಂತು ಆಚೀಚೆ ನೋಡಿ, ಕಡ್ಡಿಯನ್ನು ಮೆಲ್ಲಗೆ ಕಿತ್ತು ಪಕ್ಕಕ್ಕಿಟ್ಟು, ತಗಡಿನಲ್ಲಿ ಬಾಚಿ ಚೀಲಕ್ಕೆ ಹಾಕಿಕೊಂಡರು. ಅಯ್ಯೋ ದೇವರೇ, ಗಣಪಯ್ಯ ಮೇಷ್ಟ್ರು! ರಿಟೈರಾಗುವವರೆಗೂ ವಿಜ್ಞಾನ ಕಲಿಸಿದವರು, ಜಟ್ಟಪ್ಪನನ್ನು ಎರಡು ಸಲ ಫೇಲು ಮಾಡಿದವರು.

ಹಿಂದೆಯೇ ಹೋಗಿ ನೋಡಿದರೆ ಅವರ ಹಿತ್ತಿಲಲ್ಲಿ ಒಂದು ದೊಡ್ಡ ಡ್ರಮ್ಮು, ಅದರೊಳಗೆ ಬೋರಲು ಹಾಕಿದ ಇನ್ನೊಂದು. ಅದರಿಂದ ಸೈಕಲ್ ಟ್ಯೂಬು ಅಡುಗೆಮನೆಗೆ ಹೋಗಿತ್ತು. ತಲೆಬುಡ ತಿಳಿಯದ ಜಟ್ಟಪ್ಪ ಬೀಡಿ ಕಚ್ಚಿ ಕಡ್ಡಿ ಗೀರಿದ.

"ಬೀಡಿ ಆರಿಸು ಜಟ್ಟಪ್ಪ. ಓಣಿಗೆ ಓಣಿಯೇ ಹಾರಿಹೋಗುತ್ತೆ," ಎಂದರು ಮೇಷ್ಟ್ರು, ತರಗತಿಯ ದನಿಯಲ್ಲೇ.

ಜಟ್ಟಪ್ಪ ಆರಿಸಿದ. ಆರಿಸಿ, ಏಟಿಗೆ ಅಂಗೈಯನ್ನೂ ಒಡ್ಡಿದ.

ಜಟ್ಟಪ್ಪ ಹೇಳಿಕಳಿಸಿದ ಮೇಲೆ ಇನ್‌ಸ್ಪೆಕ್ಟರರು ಹುಚ್ಚಮ್ಮನನ್ನು ಕರೆದುಕೊಂಡು ಬಂದರು. ಸಗಣಿ ನೀರಿನಲ್ಲಿ ಕೊಳೆತು ಗ್ಯಾಸ್ ಕೊಡುತ್ತದೆ, ಅದು ಹೊಗೆಯಿಲ್ಲದೆ ಉರಿಯುತ್ತದೆ ಎಂದು ಮೇಷ್ಟ್ರು ಪಾಠವನ್ನೇ ಮಾಡಿದರು. ಒಳಗೆ ಅವರ ಹೆಂಡತಿ ಸುಬ್ಬಲಕ್ಷ್ಮಿ ನೀಲಿ ಉರಿಯ ಮೇಲೆ ಅನ್ನಕ್ಕಿಟ್ಟಿದ್ದರು.

"ಕೇಳಿ ತಗೋಬಹುದಿತ್ತಲ್ಲ ಮೇಷ್ಟ್ರೇ?" ಎಂದರು ಇನ್‌ಸ್ಪೆಕ್ಟರರು.

"ಮೂವತ್ತು ವರ್ಷ ಪಾಠ ಹೇಳಿದೋನು ಸಗಣಿ ಬೇಡಲಾ?"

"ಕದಿಯೋಕೆ ನಾಚಿಕೆ ಆಗಲಿಲ್ಲವಾ?"

"ಕದಿಯೋವಾಗ ಯಾರೂ ನೋಡ್ತಿರಲಿಲ್ಲ. ಕಡ್ಡಿ ಮಾತ್ರ ಒಯ್ಯಲಿಲ್ಲ, ಅವು ಹುಚ್ಚಮ್ಮನವು."

ಏಳೂವರೆಗೆ ಗಣಪಯ್ಯನವರ ದಸ್ತಗಿರಿಯಾಯಿತು. ನಲವತ್ತು ಮನೆಗಳ ನಡುವೆ ಇಂಥದ್ದನ್ನು ಬಿಡಲಾಗದು, ಡ್ರಮ್ಮೂ ಕೇಸಿನ ಮುದ್ದೆಮಾಲು, ಜಪ್ತಿ ಮಾಡಿ ಠಾಣೆಗೆ ಸಾಗಿಸಿ ಎಂದರು ಇನ್‌ಸ್ಪೆಕ್ಟರರು. ಆಗ ಮೇಷ್ಟ್ರ ಜಂಬ ಇಳಿದುಹೋಯಿತು. ಅಡುಗೆಮನೆಗೆ ಕೇಳಿಸದಂತೆ ಪಿಸುಗುಟ್ಟಿದರು: ಸುಬ್ಬಲಕ್ಷ್ಮಿಗೆ ದೀಪದ ಸುತ್ತ ಬಳೆಯಂತೆ ಬೆಳಕು ಕಾಣುತ್ತದೆ. ಇನ್ನೊಂದು ವರ್ಷ ಹೊಗೆ ಕುಡಿದರೆ ಕಣ್ಣು ಉಳಿಯುವುದಿಲ್ಲ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದಾರೆ. ಅವಳಿಗೆ ಇದನ್ನು ಹೇಳಿಲ್ಲ.

ಹುಚ್ಚಮ್ಮ ಹೋಗಿ ಡ್ರಮ್ಮಿಗೆ ಅಡ್ಡ ನಿಂತಳು. ಇದನ್ನು ಗೋಡೆಯಾಚೆ ಬಯಲಿಗೆ ಸರಿಸಿ, ಆದರೆ ಒಯ್ಯಬೇಡಿ, ಮೇಷ್ಟ್ರು ಬರುವ ತನಕ ಸಗಣಿ ತಾನೇ ಹಾಕುತ್ತೇನೆ ಎಂದಳು.

"ಮತ್ತೆ ನಿನ್ನ ಬೆರಣಿ?" ಎಂದರು ಇನ್‌ಸ್ಪೆಕ್ಟರರು.

"ಬೆರಣಿ ಹೊಗೆ ನಾನೂ ಕುಡಿದೋಳೇ. ಆ ಬಳೆ ನನಗೂ ಕಾಣುತ್ತೆ ಸಾಮಿ. ಮೂರು ವರ್ಷ ಆಯ್ತು. ದೀಪ ಅಂದ್ರೆ ಹಂಗೇ ಇರುತ್ತೆ ಅಂದ್ಕೊಂಡಿದ್ದೆ."

ಡ್ರಮ್ಮನ್ನು ಬಯಲಿಗೆ ಸರಿಸಿ, ಮುದ್ದೆಮಾಲನ್ನು ಫಿರ್ಯಾದಿ ಹುಚ್ಚಮ್ಮನ ಸುಪರ್ದಿಗೆ ಬರೆಯುವಂತೆ ಇನ್‌ಸ್ಪೆಕ್ಟರರು ಜಟ್ಟಪ್ಪನಿಗೆ ಹೇಳಿದರು.