ಎಪ್ಪತ್ನಾಲ್ಕನೇ ಪುಟದವರೆಗೆ

“ಮಿಸ್, ನಂಗೆ ಮಾತ್ರ ಯಾಕೆ ಹಳೇದು?”

ವಿಜ್ಞಾನದ ಪುಸ್ತಕವನ್ನು ಎತ್ತಿ ಹಿಡಿದು ಪಟಾಕಿ ಕೇಳಿದಳು. ಮೂಗಿನ ತುದಿಯಲ್ಲೇ ಕೋಪ ಇರುತ್ತಿದ್ದುದರಿಂದ ಮನೆಯವರು ಅವಳಿಗಿಟ್ಟ ಹೆಸರು ಅದು. ಹೊಸ ಶಾಲೆಗೆ ಬಂದು ಎರಡೇ ದಿನಕ್ಕೆ ಇಲ್ಲಿಯೂ ಅಂಟಿಕೊಂಡಿತ್ತು.

“ಎಲ್ಲರಿಗಿಂತ ಲೇಟಾಗಿ ಸೇರಿದವಳು ನೀನು. ಹೊಸದೆಲ್ಲ ಖಾಲಿ ಆಯ್ತಲ್ಲ,” ಎಂದ ಮಿಸ್, ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಡಾಗ್-ಇಯರ್ಡ್’ ಎಂದು ಬರೆದುಕೊಂಡರು.

“ಹಂಗಂದ್ರೆ?”

“ಹಾಳೆ ಮೂಲೆಯೆಲ್ಲ ನಾಯಿ ಕಿವಿ ಥರ ಮಡಚಿಕೊಂಡಿದೆ ನೋಡು. ತುಂಬಾ ಕೈಯಾಡಿರೋ ಪುಸ್ತಕಕ್ಕೆ ಇಂಗ್ಲಿಷಲ್ಲಿ ಹಾಗಂತಾರೆ. ಬೈಗುಳ ಏನಲ್ಲ.”

ಬೈಗುಳ ಅಲ್ಲವಂತೆ! ಹಿಂದಿನ ಬೆಂಚಿನವರು ಆಗಲೇ “ಬೌ ಬೌ” ಶುರು ಹಚ್ಚಿಕೊಂಡಿದ್ದರು. ಪಟಾಕಿಗೆ ಅಳು ಉಕ್ಕಿ ಬಂತು. ಹಳೇ ಶಾಲೆಯಲ್ಲಾಗಿದ್ದರೆ ಅವಳ ಪರವಾಗಿ ಜಗಳಕ್ಕೆ ನಿಲ್ಲಲು ಗೆಳತಿಯರಿದ್ದರು. ಇಲ್ಲಿ ಯಾರಿದ್ದಾರೆ?

ಆಟದ ಪೀರಿಯಡ್‌ಗೆ ಎಲ್ಲರೂ ಹೊರಗೆ ಓಡಿದರು. ಅವಳು ಹೋಗಲಿಲ್ಲ. ಕತ್ತರಿ ತೆಗೆದು, ಮಡಚಿದ ಮೂಲೆಗಳನ್ನೆಲ್ಲ ಕಚಕಚ ಕತ್ತರಿಸಿದಳು. ಈಗ ಅನ್ನಲಿ, ನೋಡೋಣ! ತ್ರಿಕೋನದ ಚೂರುಗಳು ಬೆಂಚಿನ ಕೆಳಗೆ ಉದುರಿದವು.

ಎಪ್ಪತ್ನಾಲ್ಕನೇ ಪುಟ ದಾಟಿದ ಮೇಲೆ ಕತ್ತರಿಸಲು ಏನೂ ಸಿಗಲಿಲ್ಲ. ಮುಂದಿನ ಹಾಳೆಗಳನ್ನು ಯಾರೂ ಮುಟ್ಟಿದಂತೆಯೇ ಇರಲಿಲ್ಲ.

“ಅರ್ಧಕ್ಕೇ ಓದೋದು ನಿಲ್ಲಿಸಿದೆ, ಸೋಮಾರಿ!” ಎಂದು ಜೋರಾಗಿಯೇ ಗೊಣಗಿದಳು.

ಕಸ ಗುಡಿಸಲು ಬಂದಿದ್ದ ಆಯಮ್ಮನ ಪೊರಕೆ ನಿಂತಿತು. ಅವರು ಬಗ್ಗಿ ಒಂದು ಚೂರು ಎತ್ತಿಕೊಂಡರು. ಆಮೇಲೆ ಪುಸ್ತಕದ ಕಡೆ ನೋಡಿದರು.

“ಇದು ನನ್ನ ಮಗಳದು ಕಣಮ್ಮ.”

“ಹೌದಾ? ಅವಳು ಈಗ ಆರನೇ ಕ್ಲಾಸಾ?”

“ಹೋದ ವರ್ಷ ಹುಷಾರು ತಪ್ಪಿತು. ಆಸ್ಪತ್ರೆ ಮಂಚದ ಮೇಲೂ ಇದನ್ನ ಬಿಡ್ತಿರಲಿಲ್ಲ. ನಂಗೆ ಓದಿ ಹೇಳೋಳು, ಒಂದು ಹಾಳೆ ಮುಗೀತು ಅಂದ್ರೆ ಮೂಲೆ ಮಡಚೋಳು. ‘ಅಮ್ಮಾ, ಇವತ್ತು ಎರಡು ಹಾಳೆ ಆಯ್ತು, ನಾನೇನು ಕ್ಲಾಸಲ್ಲಿ ಹಿಂದೆ ಬೀಳಲ್ಲ’ ಅನ್ನೋಳು.” ಆಯಮ್ಮ ಕೈಯಲ್ಲಿದ್ದ ಚೂರನ್ನು ನೇವರಿಸಿದರು. “ಪೂರ್ತಿ ಓದೋಕೆ ಆಗಲೇ ಇಲ್ಲ ಅವಳ ಕೈಲಿ.”

ಪಟಾಕಿ ಕತ್ತರಿಯನ್ನು ಕೆಳಗಿಟ್ಟಳು. ಸೋಮಾರಿ ಅಂದುಬಿಟ್ಟೆನಲ್ಲ!

“ನಂಗೆ ಗೊತ್ತಿರ್ಲಿಲ್ಲ ಆಯಮ್ಮ. ನಿಜವಾಗ್ಲೂ ಗೊತ್ತಿರ್ಲಿಲ್ಲ.”

“ನಿಂಗೆ ಹೇಗೆ ಗೊತ್ತಾಗ್ಬೇಕು ಮಗಾ?”

ಇಬ್ಬರೂ ಮಂಡಿಯೂರಿ ಚೂರುಗಳನ್ನು ಆರಿಸಿದರು. ಪಟಾಕಿ ಅವಸರದಲ್ಲಿ ಗೋಂದಿನ ಬಾಟಲಿ ತೆಗೆದಳು. ಆದರೆ ಯಾವ ಚೂರು ಯಾವ ಪುಟದ್ದೋ, ಒಂದೂ ಹೊಂದಲಿಲ್ಲ. ಅವಳ ಕೈಯೆಲ್ಲ ಗೋಂದು, ಮುಖವೆಲ್ಲ ಕಣ್ಣೀರು.

“ಹೋಗಲಿ ಬಿಡು,” ಎಂದು ಆಯಮ್ಮ ಅವನ್ನೆಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡರು. ಮಿಕ್ಕ ಕಸವನ್ನು ಗುಡಿಸಿ ಬಾಗಿಲವರೆಗೆ ಹೋದವರು ಅಲ್ಲೇ ನಿಂತರು.

“ಆಮೇಲೆ ಏನಿದೆ ಮಗಾ ಅದ್ರಲ್ಲಿ?”

ಪಟಾಕಿ ಎಪ್ಪತ್ತೈದನೇ ಪುಟ ತೆರೆದಳು. “ಗಾಳಿ ಪಾಠ, ಆಯಮ್ಮ. ಓದ್ಲಾ?”

ಆಯಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಬೆಂಚಿನ ತುದಿಯಲ್ಲಿ ಕುಳಿತರು. ಪಟಾಕಿ ಕಣ್ಣೊರೆಸಿಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ, ನಿಧಾನವಾಗಿ ಓದತೊಡಗಿದಳು.