ಒರೆಸಿದ ಕುಂಕುಮ

ಹಳೆಯ ಲೇಸರ್ ಯಂತ್ರಗಳನ್ನು ಕೂಡಿಡುವುದು ನನ್ನ ಚಟ. ಕಾಲುವೆ ತೋಡುವಾಗ ಮಟ್ಟ ನೋಡಲು ಬಳಸಿ, ಗುತ್ತಿಗೆದಾರ ಬಿಟ್ಟುಹೋದ ಒಂದು ಯಂತ್ರ ರಂಗಂಪೇಟೆಯ ಮಲ್ಲಾಬಾಯಿಯ ಮನೆಯಲ್ಲಿತ್ತು. ಅದರ ಕೆಂಪು ಚುಕ್ಕೆ ಬೀಳುವಲ್ಲಿ ಹಲಗೆ ಹಿಡಿದು ನಿಲ್ಲುವುದು ಆಕೆಯ ಗಂಡ ಪರಮಣ್ಣನ ಕೆಲಸವಾಗಿತ್ತು. ಹಾಗೆ ನಿಂತಿದ್ದಾಗಲೇ ಏರಿ ಕುಸಿದು ಆತ ಸತ್ತ.

ಪ್ರತಿ ಆಯುಧಪೂಜೆಗೂ ಆಕೆ ಯಂತ್ರದ ಗಾಜಿಗೇ ಕುಂಕುಮ ಮೆತ್ತುತ್ತಿದ್ದಳು. ಯಂತ್ರ ಕೊಡುವಿರಾ ಎಂದು ಕೇಳಿದಾಗ, "ಒಯ್ರಿ ಸರ, ಆದ್ರ ಅದರ ಕಣ್ಣ ಮಾತ್ರ ಒರೆಸಬ್ಯಾಡ್ರಿ," ಎಂದಳು. ಹೂಂ ಅಂದೆ.

ಮನೆಗೆ ತಂದವನೇ ಸ್ಪಿರಿಟ್‌ನಿಂದ ಒರೆಸಿ ಸ್ವಿಚ್ ಹಾಕಿದೆ. ಚುಕ್ಕೆ ಗೋಡೆಗೆ ತಲುಪಲಿಲ್ಲ. ಕೋಣೆಯ ನಡುವೆ, ಏನೂ ಇಲ್ಲದ ಕಡೆ, ಎದೆಯೆತ್ತರದಲ್ಲಿ ನಿಂತಿತು. ಸೋತ ಕೈಯಲ್ಲಿರುವ ಹಲಗೆಯ ಮೇಲೆ ಬಿದ್ದಂತೆ ನಡುಗುತ್ತಿತ್ತು. ಮಟಮಟ ಮಧ್ಯಾಹ್ನ, ಕಾಲಡಿಯ ಫರಸಿಕಲ್ಲು ತಣ್ಣಗಾಗಿ, ಹಸಿ ಎರೆಮಣ್ಣಿನ ವಾಸನೆ ಬಂತು.

ಮಲ್ಲಾಬಾಯಿಯ ಬಳಿ ಓಡಿದೆ. ಆಕೆ ಬೈಯಲಿಲ್ಲ. "ಬೆಳಕ ಕಂಡ್ರ ಅಂವ ಹಲಗಿ ಹಿಡದು ನಿಲ್ತಾನ್ರಿ. ಸಾಕು ಅನ್ನೋತನಕ ಇಳಸಂಗಿಲ್ಲ. ಆವತ್ತ ಯಾರೂ ಸಾಕು ಅನ್ನಲಿಲ್ಲ," ಎಂದಳು.

ವೈರು ಕಿತ್ತಿದ್ದೇನೆ. ಗಾಜಿಗೆ ಮತ್ತೆ ಕುಂಕುಮ ಮೆತ್ತಿದ್ದೇನೆ. "ಸಾಕು ಪರಮಣ್ಣ, ಇಳಸು" ಎಂದು ದಿನಾ ಕೈಮುಗಿಯುತ್ತೇನೆ. ಚುಕ್ಕೆ ಇನ್ನೂ ಅಲ್ಲೇ ಇದೆ. ನಡುಕ ಮಾತ್ರ ಹೆಚ್ಚಾಗಿದೆ.